ರಾಕೆಟ್ ತೋರಿಸಿದ್ರೆ ಸಾಕಾ? ಬಾಹ್ಯಾಕಾಶ ಹೈಸ್ಕೂಲ್ ಕ್ಲಾಸಿಗೆ ಬಂದ ಕಥೆ

ಇಸ್ರೋದವ್ರು ಒಂದು ದೊಡ್ಡ ಮಿಷನ್ ಮುಗಿಸಿದಾಗೆಲ್ಲಾ ಮಾರನೇ ದಿನ ಟಿವೀಲಿ, ಪೇಪರ್‌ನಲ್ಲಿ, ಮಂತ್ರಿಗಳ ಭಾಷಣದಲ್ಲಿ ಒಂದು ಮಾತು ಬಂದೇ ಬರತ್ತೆ, ಇದ್ರಿಂದ ನಮ್ಮ ಮಕ್ಕಳಿಗೆ ಸ್ಫೂರ್ತಿ ಸಿಗತ್ತೆ, ಇನ್ಮೇಲೆ ಎಲ್ರೂ ಸೈನ್ಸ್ ಕಡೆ ಬರ್ತಾರೆ ಅಂತ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ಇಸ್ರೋ ಯೂಟ್ಯೂಬ್ ಲೈವ್‌ನಲ್ಲಿ ಒಂದೇ ಹೊತ್ತಿಗೆ 80 ಲಕ್ಷ ಜನ ಕೂತಿದ್ರು, ಶಾಲೆಗಳಲ್ಲಿ ಪ್ರೊಜೆಕ್ಟರ್ ಹಾಕಿ ಮಕ್ಕಳನ್ನ ಕೂರಿಸಿದ್ರು, ಚಪ್ಪಾಳೆ, ಜೈಕಾರ ಎಲ್ಲಾ ಆಯ್ತು. ಆ ಸಂಜೆ ಚೆನ್ನಾಗೇ ಇತ್ತು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಸ್ಫೂರ್ತಿಯ ಲೆಕ್ಕಾಚಾರ ನಮ್ಮದಲ್ಲ, ಹೊಸದೂ ಅಲ್ಲ, ಇದಕ್ಕೆ ಹತ್ತಿರ ಹತ್ತಿರ 70 ವರ್ಷದ ಹಿಸ್ಟರಿ ಇದೆ, ಅದನ್ನ ಕೆದಕಿ ನೋಡಿದ್ರೆ ಎಲ್ಲಿ ನಿಜವಾಗ್ಲೂ ಕೆಲಸ ಆಯ್ತು ಎಲ್ಲಿ ಬರೀ ಸದ್ದಾಯ್ತು ಅನ್ನೋದು ಸ್ವಲ್ಪ ಗೊತ್ತಾಗತ್ತೆ.

ಶುರುವಾಗಿದ್ದು ಸ್ಫೂರ್ತಿಯಿಂದ ಅಲ್ಲ, ಹೆದರಿಕೆಯಿಂದ. 1957ರ ಅಕ್ಟೋಬರ್ 4ಕ್ಕೆ ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸ್ತು, ಅಮೆರಿಕದವ್ರಿಗೆ ನಿದ್ದೆ ಹಾರೋಯ್ತು, ನಮ್ಮ ಹುಡುಗರು ಗಣಿತ ವಿಜ್ಞಾನದಲ್ಲಿ ಹಿಂದೆ ಬಿದ್ದಿದಾರೆ ಅಂತ ಗಲಾಟೆ ಎದ್ದು ಒಂದು ವರ್ಷ ತುಂಬೋದ್ರೊಳಗೆ, 1958ರ ಸೆಪ್ಟೆಂಬರ್‌ನಲ್ಲಿ, ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಅಂತ ಒಂದನ್ನ ಪಾಸ್ ಮಾಡಿದ್ರು. ಹೆಸರಲ್ಲೇ ನೋಡಿ, ಶಿಕ್ಷಣದ ಜೊತೆ ರಕ್ಷಣೆ ಸೇರ್ಕೊಂಡಿದೆ. ಶಾಲೆಗಳಿಗೆ ಲ್ಯಾಬ್ ಸಾಮಾನು, ಕಾಲೇಜು ಹುಡುಗರಿಗೆ ಸಾಲ, ಟೀಚರ್‌ಗಳಿಗೆ ಟ್ರೇನಿಂಗ್, ದುಡ್ಡು ಹರಿದು ಬಂತು. ಆಮೇಲೆ ಅಪೋಲೋ ಕಾಲದಲ್ಲಿ ಅಲ್ಲಿ ವಿಜ್ಞಾನ ಓದೋರ ಸಂಖ್ಯೆ ಏರಿದ್ದಕ್ಕೆ ಚಂದ್ರನ ಮೇಲಿನ ಹೆಜ್ಜೆನೇ ಕಾರಣ ಅಂತ ಹೇಳೋರು ಇವತ್ತಿಗೂ ಬೇಕಾದಷ್ಟು ಜನ ಇದಾರೆ, ಸ್ಕಾಲರ್‌ಶಿಪ್ಪು, ಸಾಲ, ಹೊಸ ಪಠ್ಯಪುಸ್ತಕ ಇವೆಲ್ಲ ಅದೇ ಟೈಮಲ್ಲಿ ಬಂದಿದ್ದನ್ನ ಮಾತ್ರ ಯಾರೂ ಎತ್ತಲ್ಲ. ಇನ್ನೊಂದು ತಮಾಷೆ, ಆ ಕಾಲದ ತುಂಬಾ ಹೆಸರಾದ ಹೈಸ್ಕೂಲ್ ಫಿಸಿಕ್ಸ್ ಸುಧಾರಣೆ, ಎಂಐಟಿಯ ಜೆರಾಲ್ಡ್ ಜಕರಿಯಾಸ್ ಮುಂದೆ ನಿಂತು ಮಾಡಿದ್ದು, ಅದು ಶುರುವಾಗಿದ್ದು 1956ರಲ್ಲಿ, ಅಂದ್ರೆ ಸ್ಪುಟ್ನಿಕ್‌ಗಿಂತ ಒಂದು ವರ್ಷ ಮೊದಲೇ!

ನನ್ನ ಪ್ರಕಾರ ಈ ಇಡೀ ಹಿಸ್ಟರಿಯಲ್ಲಿ ಅತಿ ಚಂದದ ಭಾಗ ಅಮೆರಿಕದಲ್ಲೂ ಇಲ್ಲ ರಷ್ಯಾದಲ್ಲೂ ಇಲ್ಲ, ಇಂಗ್ಲೆಂಡಿನ ಕೆಟರಿಂಗ್ ಅನ್ನೋ ಸಣ್ಣ ಊರಿನ ಗ್ರಾಮರ್ ಸ್ಕೂಲಲ್ಲಿದೆ, ಅಂದ್ರೆ ಅಲ್ಲಿನ ಒಂದು ಥರದ ಹೈಸ್ಕೂಲಲ್ಲಿ. ಅಲ್ಲಿ ಜೆಫ್ರಿ ಪೆರ್ರಿ ಅಂತ ಒಬ್ರು ಫಿಸಿಕ್ಸ್ ಮೇಷ್ಟ್ರು, ಡೆರೆಕ್ ಸ್ಲೇಟರ್ ಅಂತ ಕೆಮಿಸ್ಟ್ರಿ ಮೇಷ್ಟ್ರು. ಹುಡುಗರಿಗೆ ಡಾಪ್ಲರ್ ಪರಿಣಾಮ ಹೇಳ್ಕೊಡ್ಬೇಕಿತ್ತು. ನಮ್ಮಲ್ಲಾದ್ರೆ ರೈಲು ಹತ್ರ ಬರುವಾಗ ಹಾರ್ನ್ ಕೀಚಲಾಗಿ ಕೇಳತ್ತೆ, ದಾಟಿ ಹೋದ್ಮೇಲೆ ದಪ್ಪ ಆಗತ್ತೆ ಅಂತ ಹೇಳಿ ಬೋರ್ಡ್ ಮೇಲೆ ಒಂದು ಚಿತ್ರ ಬರೆದು ಮುಗಿಸ್ತಾರೆ. ಇವ್ರು ಒಂದು ರೇಡಿಯೋ ರಿಸೀವರ್ ತಂದಿಟ್ಟು ತಲೆ ಮೇಲೆ ಹೋಗೋ ರಷ್ಯನ್ ಉಪಗ್ರಹದ ಬೀಪ್ ಬೀಪ್ ಕೇಳಿಸಿದ್ರು. ಉಪಗ್ರಹ ಹತ್ರ ಬರುವಾಗ ಫ್ರೀಕ್ವೆನ್ಸಿ ಸ್ವಲ್ಪ ಜಾಸ್ತಿ, ದೂರ ಹೋಗುವಾಗ ಸ್ವಲ್ಪ ಕಮ್ಮಿ, ಆ ಇಳಿಕೆ ಎಲ್ಲಿ ಅತಿ ಜೋರಾಗಿರತ್ತೋ ಆ ಕ್ಷಣಕ್ಕೆ ಉಪಗ್ರಹ ನಮಗೆ ಅತಿ ಹತ್ರ ಇದೆ ಅಂತ ಅರ್ಥ. ಆ ಟೈಮ್ ಬರ್ಕೊಳ್ಳೋದು, ಮುಂದಿನ ಸುತ್ತಿನ ಟೈಮ್ ಬರ್ಕೊಳ್ಳೋದು, ಎರಡನ್ನೂ ಕಳೆದು ಒಂದು ಸುತ್ತಿಗೆ ಎಷ್ಟು ನಿಮಿಷ ಅಂತ ಅಂದಾಜು ಮಾಡೋದು, ಕಕ್ಷೆ ಭೂಮಧ್ಯರೇಖೆಗೆ ಎಷ್ಟು ಓರೆಯಾಗಿದೆ ನೋಡೋದು, ಆಮೇಲೆ ಉಪಗ್ರಹ ಹೋಗೋ ದಾರಿಯನ್ನ ಮ್ಯಾಪ್ ಮೇಲೆ ಗೆರೆ ಎಳೆಯೋದು. ಸ್ಟಾಪ್‌ವಾಚು, ಪೆನ್ಸಿಲ್ಲು, ತಾಳ್ಮೆ ಇದ್ರೆ ಸಾಕು.

1966ರ ಮಾರ್ಚ್‌ನಲ್ಲಿ ಕಾಸ್ಮೋಸ್ 112 ಅನ್ನೋ ಸೋವಿಯತ್ ಉಪಗ್ರಹ ಹಾರ್ತು. ಕೆಟರಿಂಗ್‌ನವ್ರು ಲೆಕ್ಕ ಹಾಕಿ ನೋಡ್ತಾರೆ, ಇದ್ರ ಕಕ್ಷೆಯ ಓರೆ 72 ಡಿಗ್ರಿ, ಅಲ್ಲೀವರೆಗೆ ಆ ಥರದ ಉಪಗ್ರಹಗಳು ಸೋವಿಯತ್‌ನವ್ರ ಬೈಕನೂರು ಉಡಾವಣಾ ಕೇಂದ್ರದಿಂದ ಹಾರ್ತಿದ್ದಿದ್ದು ಹೆಚ್ಚಾಗಿ 65 ಡಿಗ್ರಿಗೆ. ಏನೋ ಎಡವಟ್ಟಿದೆ ಅನ್ನಿಸ್ತು, ಆದ್ರೆ ಒಂದು ಗೆರೆ ಇಟ್ಕೊಂಡು ಜಾಗ ಹೇಳಕ್ಕಾಗಲ್ಲ. ಕಾದ್ರು. ಅಕ್ಟೋಬರ್‌ನಲ್ಲಿ ಕಾಸ್ಮೋಸ್ 129 ಹಾರ್ತು, ಅದ್ರ ಗೆರೆನೂ ಎಳೆದ್ರು, ಎರಡೂ ಗೆರೆ ರಷ್ಯಾದ ಉತ್ತರಕ್ಕೆ ಪ್ಲೆಸೆಟ್ಸ್ಕ್ ಅನ್ನೋ ಜಾಗದ ಹತ್ರ ಒಂದನ್ನೊಂದು ದಾಟ್ತಿದ್ವು. ಅಂದ್ರೆ ಅಲ್ಲೊಂದು ಗುಟ್ಟಿನ ಉಡಾವಣಾ ಕೇಂದ್ರ ಇದೆ! ಇದನ್ನ ಜಗತ್ತಿಗೆ ಹೇಳಿದ್ದು ಒಂದು ಹೈಸ್ಕೂಲಿನ ಮೇಷ್ಟ್ರು ಮತ್ತು ಅವ್ರ ಹುಡುಗರು. ಸೋವಿಯತ್ ಸರ್ಕಾರ ಹೌದು ಅಲ್ಲೊಂದು ಕೇಂದ್ರ ಇದೆ ಅಂತ ಬಾಯಿ ಬಿಟ್ಟಿದ್ದು 1983ರಲ್ಲಿ. ಇಲ್ಲಿ ಯಾರೂ ಮಕ್ಕಳಿಗೆ ಸ್ಫೂರ್ತಿ ತುಂಬ್ಬೇಕು ಅಂತ ಹೊರಟಿರ್ಲಿಲ್ಲ ಅನ್ನೋದನ್ನ ಗಮನಿಸಿ, ಪಾಠಕ್ಕೆ ಒಂದು ಉದಾಹರಣೆ ಬೇಕಿತ್ತು ಅಷ್ಟೇ, ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿ ಇರ್ಲಿಲ್ಲ ಅಷ್ಟೇ.

ನಾಸಾದವ್ರಿಗೂ ಇಂಥದ್ದು ಒಂದ್ಸಲ ಚೆನ್ನಾಗಿ ಹೊಳೀತು. ಸ್ಕೈಲ್ಯಾಬ್ ಅನ್ನೋ ಬಾಹ್ಯಾಕಾಶ ನಿಲ್ದಾಣ ಕಟ್ಟುವಾಗ ಹೈಸ್ಕೂಲ್ ಮಕ್ಕಳಿಗೆ ನೀವೇ ಪ್ರಯೋಗ ಯೋಚನೆ ಮಾಡಿ ಕಳ್ಸಿ ಅಂದ್ರು, 3,400ಕ್ಕೂ ಹೆಚ್ಚು ಬಂದ್ವು, 25 ಆಯ್ಕೆ ಆದ್ವು. ಅದ್ರಲ್ಲಿ ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನ ಜೂಡಿತ್ ಮೈಲ್ಸ್ ಅನ್ನೋ ಹುಡುಗಿ ಕೇಳಿದ್ದು ಇಷ್ಟೇ, ತೂಕನೇ ಇಲ್ದಿರೋ ಜಾಗದಲ್ಲಿ ಜೇಡ ಬಲೆ ನೇಯತ್ತಾ? 1973ರಲ್ಲಿ ಅರಬೆಲ್ಲಾ, ಅನಿತಾ ಅಂತ ಎರಡು ಜೇಡ ಮೇಲೆ ಹೋದ್ವು. ಮೊದಲ ಬಲೆ ಅಡ್ಡಾದಿಡ್ಡಿ, ಮೂಲೆಗಳಲ್ಲಿ ಏನೋ ಒಂದಿಷ್ಟು ಎಳೆ. ಒಂದೆರಡು ದಿನ ಕಳೆದ್ಮೇಲೆ ಅರಬೆಲ್ಲಾ ಸರಿಯಾಗೇ ನೇಯ್ತು, ಎಳೆ ಮಾತ್ರ ಭೂಮಿ ಮೇಲಿಗಿಂತ ಸಣ್ಣ. ಗಗನಯಾನಿ ಓವನ್ ಗ್ಯಾರಿಯಟ್ ತಮ್ಮ ಊಟದ ಮಾಂಸದ ಚೂರು, ನೀರು ಕೊಟ್ಟು ನೋಡ್ಕೊಂಡ್ರು, ಆದ್ರೂ ಎರಡೂ ಜೇಡ ಜೀವಂತವಾಗಿ ಉಳೀಲಿಲ್ಲ. ಆ ಪ್ರಶ್ನೆ ಎಷ್ಟು ಚೆನ್ನಾಗಿದೆ ನೋಡಿ, ಉತ್ತರ ದೊಡ್ಡ ವಿಜ್ಞಾನಿಗೂ ಗೊತ್ತಿರ್ಲಿಲ್ಲ, ಪ್ರಶ್ನೆ ಏನು ಅಂತ ಐದನೇ ಕ್ಲಾಸಿನ ಮಗುಗೂ ಅರ್ಥ ಆಗತ್ತೆ.

ಆಮೇಲೆ ಬಂದಿದ್ದು ಟಿವಿ ಕಾಲ. ಬಾಹ್ಯಾಕಾಶಕ್ಕೆ ಒಬ್ಬ ಟೀಚರ್‌ನ ಕಳ್ಸ್ತೀವಿ ಅಂತ ರೇಗನ್ ಸರ್ಕಾರ ಹೇಳ್ತು, 11 ಸಾವಿರಕ್ಕೂ ಹೆಚ್ಚು ಟೀಚರ್‌ಗಳು ಅರ್ಜಿ ಹಾಕಿದ್ರು, ಆಯ್ಕೆ ಆಗಿದ್ದು ನ್ಯೂ ಹ್ಯಾಂಪ್‌ಶೈರ್‌ನ ಕಾನ್‌ಕಾರ್ಡ್ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತಿದ್ದ ಕ್ರಿಸ್ಟಾ ಮೆಕಾಲಿಫ್. 1986ರ ಜನವರಿ 28, ಅಮೆರಿಕದ ಸಾವಿರಾರು ಕ್ಲಾಸ್‌ರೂಮಲ್ಲಿ ಟಿವಿ ಆನ್ ಇತ್ತು, 73 ಸೆಕೆಂಡಿಗೆ ಚಾಲೆಂಜರ್ ಚೂರುಚೂರಾಯ್ತು, ಏಳೂ ಜನ ಹೋದ್ರು. ಮಕ್ಕಳ ಕಣ್ಣೆದುರಿಗೇ. ಅವ್ರು ಮೇಲಿಂದ ಮಾಡ್ಬೇಕಿದ್ದ ಪಾಠಗಳು ಹಾಗೇ ಉಳ್ಕೊಂಡ್ವು, ಅವನ್ನ 2018ರಲ್ಲಿ ಜೋ ಅಕಾಬಾ, ರಿಕಿ ಆರ್ನಾಲ್ಡ್ ಅನ್ನೋ ಇಬ್ರು ಮಾಜಿ ಟೀಚರ್ ಗಗನಯಾನಿಗಳು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಮಾಡಿ ತೋರಿಸಿದ್ರು. ಮೆಕಾಲಿಫ್ ಜಾಗಕ್ಕೆ ರಿಸರ್ವ್ ಇದ್ದ ಬಾರ್ಬರಾ ಮಾರ್ಗನ್ ಮೇಲೆ ಹೋಗಿದ್ದು 2007ರಲ್ಲಿ.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಬಾಹ್ಯಾಕಾಶ ಶಾಲೆಗೆ ಬಂದಿದ್ದು ಪಾಠದ ವಿಷಯವಾಗಿ ಅಲ್ಲ, ಪಾಠ ಸಾಗಿಸೋ ವೈರಾಗಿ. 1975ರ ಏಪ್ರಿಲ್‌ನಲ್ಲಿ ಪೀಣ್ಯದ ಶೆಡ್‌ಗಳಲ್ಲಿ ತಯಾರಾದ ಆರ್ಯಭಟ ಹಾರ್ತು, ಅದೇ ವರ್ಷ ಆಗಸ್ಟ್‌ನಲ್ಲಿ ಸೈಟ್ ಅನ್ನೋ, ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ಪಾಠ ಕಳ್ಸೋ ಪ್ರಯೋಗ ಶುರುವಾಯ್ತು. ನಾಸಾದ ಎಟಿಎಸ್-6 ಉಪಗ್ರಹ ಒಂದು ವರ್ಷಕ್ಕೆ ಎರವಲು, ಆರು ರಾಜ್ಯದ 2,400 ಹಳ್ಳಿಗೆ ಟಿವಿ, ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆ. ಕೋಳಿ ಗೂಡಿನ ಜಾಲರಿಯಂಥ ತಂತಿ ಬಲೆಯ ಡಿಶ್ಶು, ಬೆಳಿಗ್ಗೆ ಶಾಲೆ ಮಕ್ಕಳಿಗೆ ಕನ್ನಡದಲ್ಲೇ ಇಪ್ಪತ್ತೆರಡೂವರೆ ನಿಮಿಷ ಕಾರ್ಯಕ್ರಮ. ಸೈಟ್ ಮೂಲಕ ದೇಶದಲ್ಲಿ ಸುಮಾರು 50 ಸಾವಿರ ಪ್ರೈಮರಿ ಟೀಚರ್‌ಗಳಿಗೆ ಟ್ರೇನಿಂಗ್ ಕೂಡ ಕೊಟ್ರು. ವರ್ಷ ಮುಗೀತು, ಅಮೆರಿಕದವ್ರು ಉಪಗ್ರಹ ವಾಪಸ್ ತಗೊಂಡ್ರು. 2004ರಲ್ಲಿ ಶಿಕ್ಷಣಕ್ಕೇ ಅಂತ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಮತ್ತೆ ಅದೇ ಆಸೆ, ಚಾಮರಾಜನಗರ ಜಿಲ್ಲೆಯ ಪ್ರೈಮರಿ ಶಾಲೆಗಳಲ್ಲೂ ವಿಟಿಯು ಕಾಲೇಜುಗಳಲ್ಲೂ ಮೊದಲ ಪ್ರಯೋಗ. ಒಳ್ಳೇ ಕೆಲಸಗಳೇ. ಆದ್ರೆ ಗಮನಿಸಿ, ಒಂದು ಕಡೆ ಪ್ರೈಮರಿ ಮಕ್ಕಳು, ಇನ್ನೊಂದು ಕಡೆ ಇಂಜಿನಿಯರಿಂಗ್‌ನವ್ರು, ಮಧ್ಯದ ಹೈಸ್ಕೂಲಿನವ್ರು ಎಲ್ಲೂ ಇಲ್ಲ. ಯಾವ ವಯಸ್ಸಲ್ಲಿ ಸೈನ್ಸಾ, ಕಾಮರ್ಸಾ, ಬೇರೇನಾ ಅಂತ ನಿರ್ಧಾರ ಆಗತ್ತೋ ಅದೇ ವಯಸ್ಸು ಬಿಟ್ಟೋಗಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಶುರುವಾದ್ಮೇಲೆ ವಾರಾಂತ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕೈಯಾರೆ ಪ್ರಯೋಗ ಮಾಡ್ಸೋ ಕ್ಲಾಸುಗಳನ್ನ ನಡೆಸ್ಕೊಂಡು ಬಂದಿದೆ, ಆದ್ರೆ ಸಿಂಧನೂರಿನ ಹುಡುಗ ಪ್ರತಿ ವಾರ ಬೆಂಗಳೂರಿಗೆ ಬರಕ್ಕಾಗತ್ತಾ?

ಇಸ್ರೋ ನೇರವಾಗಿ ಹೈಸ್ಕೂಲಿಗೆ ಕೈ ಹಾಕಿದ್ದು 2019ರಲ್ಲಿ. ಯುವಿಕಾ ಅಂತ ಬೇಸಿಗೆ ರಜೆಯಲ್ಲಿ ಎರಡು ವಾರದ ಶಿಬಿರ, 9ನೇ ಕ್ಲಾಸಿನವ್ರಿಗೆ, ಹಳ್ಳಿ ಶಾಲೆ ಮಕ್ಕಳಿಗೆ ಸ್ವಲ್ಪ ಜಾಸ್ತಿ ಆದ್ಯತೆ. ಮೊದಲ ವರ್ಷ ಪ್ರತಿ ರಾಜ್ಯಕ್ಕೆ ಮೂರೇ ಮಕ್ಕಳು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೀತಾರೆ, ಅದ್ರಲ್ಲಿ ಮೂರು, ಲೆಕ್ಕ ನೀವೇ ಹಾಕಿ. ಆಮೇಲೆ ಸಂಖ್ಯೆ ಜಾಸ್ತಿ ಮಾಡಿದ್ರು, ಆದ್ರೂ ದೇಶಕ್ಕೆಲ್ಲ ಸೇರಿ ನೂರರ ಲೆಕ್ಕದಲ್ಲೇ ಇದೆ. ಅದೇ ವರ್ಷ ಚಂದ್ರಯಾನ-2 ಕ್ವಿಜ್‌ನಲ್ಲಿ ಗೆದ್ದ 8ರಿಂದ 10ನೇ ಕ್ಲಾಸಿನ ಮಕ್ಕಳನ್ನ ಸೆಪ್ಟೆಂಬರ್ 7ರ ನಡುರಾತ್ರಿ ಪೀಣ್ಯದ ಇಸ್ಟ್ರ್ಯಾಕ್‌ಗೆ, ಅಂದ್ರೆ ಇಸ್ರೋದ ನಿಯಂತ್ರಣ ಕೇಂದ್ರಕ್ಕೆ, ಕರ್ಕೊಂಡು ಬಂದು ಪ್ರಧಾನಿ ಜೊತೆ ಕೂರಿಸಿದ್ರು, ಆವತ್ತೇ ಲ್ಯಾಂಡರ್ ಸಂಪರ್ಕ ಕಡಿದೋಯ್ತು. ಎಲ್ರೂ ಪಾಪ ಮಕ್ಕಳಿಗೆ ಬೇಜಾರಾಯ್ತು ಅಂದ್ರು, ನನಗೇನೋ ಆ ಮಕ್ಕಳಿಗೆ ಸಿಕ್ಕಿದ್ದು ಗೆದ್ದ ಲ್ಯಾಂಡಿಂಗ್ ನೋಡಿದವ್ರಿಗೆ ಸಿಗದ ಪಾಠ ಅನ್ಸತ್ತೆ, ದೊಡ್ಡ ದೊಡ್ಡ ವಿಜ್ಞಾನಿಗಳು ಸ್ಕ್ರೀನ್ ನೋಡ್ತಾ ಏನೂ ಗೊತ್ತಾಗ್ದೆ ಕೂತಿದ್ದನ್ನ ಅವ್ರು ಹತ್ರದಿಂದ ನೋಡಿದ್ರು.

ಆಜಾದಿಸ್ಯಾಟ್ ಅನ್ನೋ ಪುಟ್ಟ ಉಪಗ್ರಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ದೇಶದ 75 ಶಾಲೆಗಳ 750 ಹುಡುಗಿಯರು ಸೇರಿ ಮಾಡಿದ ಸಣ್ಣ ಸಣ್ಣ ಪೇಲೋಡ್‌ಗಳು, ಅಂದ್ರೆ ಉಪಗ್ರಹದೊಳಗಿನ ಉಪಕರಣಗಳು, ಒಟ್ಟು ಸುಮಾರು 8 ಕೆಜಿ. 2022ರ ಆಗಸ್ಟ್ 7ಕ್ಕೆ ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಹಾರಾಟದಲ್ಲಿ ಹೋಯ್ತು, ರಾಕೆಟ್ ಸರಿಯಾದ ಕಕ್ಷೆಗೆ ಬಿಡ್ಲಿಲ್ಲ, ಉಪಗ್ರಹ ಕೈತಪ್ಪಿ ಹೋಯ್ತು. 2023ರ ಫೆಬ್ರವರಿ 10ಕ್ಕೆ ಎರಡನೇದು ಕಕ್ಷೆ ಸೇರ್ತು. ಕಿಟ್ ಕೊಟ್ಟು ಹೇಳಿದ ಹಾಗೆ ಜೋಡಿಸೋದಕ್ಕೂ ಜೂಡಿತ್ ಮೈಲ್ಸ್ ಥರ ಸ್ವಂತ ಪ್ರಶ್ನೆ ಕೇಳೋದಕ್ಕೂ ವ್ಯತ್ಯಾಸ ಇದೆ ಅಂತ ಯಾರಾದ್ರೂ ತಗಾದೆ ತೆಗೆದ್ರೆ ನಾನು ಒಪ್ತೀನಿ, ಆದ್ರೂ ಸರ್ಕಾರಿ ಶಾಲೆ ಹುಡುಗಿ ಕೈಗೆ ಒಂದು ಬೋರ್ಡು, ಒಂದಿಷ್ಟು ಕೋಡು ಬಂತಲ್ಲ, ಪ್ರೊಜೆಕ್ಟರ್ ಮುಂದೆ ಕೂರೋದಕ್ಕಿಂತ ಅದು ಎಷ್ಟೋ ವಾಸಿ.

ಉಲ್ಟಾ ಹೋಗಿದ್ದೂ ಇದೆ. ಚಂದ್ರಯಾನ-3 ಗೆದ್ದ ಖುಷಿಯಲ್ಲಿ ಎನ್‌ಸಿಇಆರ್‌ಟಿ 2023ರ ಅಕ್ಟೋಬರ್‌ನಲ್ಲಿ ಶಾಲೆಗಳಿಗೆ ಮಾಡ್ಯೂಲ್‌ಗಳನ್ನ ತಂತು, ಅದ್ರಲ್ಲಿ ಹಿಂದಿನ ಕಾಲದಲ್ಲೇ ವಿಮಾನ ಇತ್ತು ಅನ್ನೋ ವೈಮಾನಿಕ ಶಾಸ್ತ್ರ ಅನ್ನೋ ಪುಸ್ತಕದ ಪ್ರಸ್ತಾಪ ಬಂದು ವಿಜ್ಞಾನಿಗಳು ತಕರಾರು ತೆಗೆದ್ರು. ಆ ಪುಸ್ತಕ ಬರೆಸಿದವ್ರು ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು, ಅದ್ರಲ್ಲಿರೋ ವಿಮಾನಗಳು ಹಾರೋದು ಸಾಧ್ಯನೇ ಇಲ್ಲ ಅಂತ 1974ರಲ್ಲೇ ಲೆಕ್ಕ ಹಾಕಿ ತೋರಿಸಿದ್ದು ಬೆಂಗಳೂರಿನ ಐಐಎಸ್‌ಸಿಯ ಎಚ್.ಎಸ್. ಮುಕುಂದ ಮತ್ತು ಅವ್ರ ಜೊತೆಯವ್ರು. ಆ ಐಐಎಸ್‌ಸಿ ಲೆಕ್ಕನೇ ಪಾಠವಾಗಿ ಇಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ!

2025ರ ಜುಲೈನಲ್ಲಿ ನಮ್ಮ ಗಗನಯಾನಿ ಶುಭಾಂಶು ಶುಕ್ಲಾ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಿಂದ ಮಕ್ಕಳು ಹ್ಯಾಮ್ ರೇಡಿಯೋದಲ್ಲಿ, ಅಂದ್ರೆ ಹವ್ಯಾಸಿಗಳ ರೇಡಿಯೋದಲ್ಲಿ, ಅವ್ರ ಜೊತೆ ಮಾತಾಡಿದ್ರು. ಹ್ಯಾಮ್‌ನಲ್ಲಿ ಮಾತಾಡೋದಕ್ಕೆ ಸಿಗೋದು ನಿಲ್ದಾಣ ಒಂದು ದಿಗಂತದಿಂದ ಇನ್ನೊಂದಕ್ಕೆ ಹೋಗೋ ಹತ್ತು ನಿಮಿಷ ಅಷ್ಟೇ, ಪ್ರಶ್ನೆ ಕೇಳಿ ಓವರ್ ಅನ್ಬೇಕು, ಉತ್ತರ ಬರೋವರೆಗೆ ಕಾಯ್ಬೇಕು, ಅಷ್ಟರಲ್ಲಿ ಡಾಪ್ಲರ್‌ನಿಂದ ಫ್ರೀಕ್ವೆನ್ಸಿ ಜಾರ್ತಾ ಇರತ್ತೆ. ನಿಲ್ದಾಣದ ಕಡೆಯಿಂದ ಬರೋ ಸಿಗ್ನಲ್ 145.800 ಮೆಗಾಹರ್ಟ್ಜ್, ಮಾತುಕತೆ ನಡೀತಿರುವಾಗ ನಿಲ್ದಾಣ ನಿಮ್ಮ ಊರಿನ ಆಕಾಶದಲ್ಲೂ ಇದ್ರೆ, ಆ ಫ್ರೀಕ್ವೆನ್ಸಿ ಹಿಡಿಯೋ ಒಂದು ಸಾಧಾರಣ ರಿಸೀವರ್‌ನಲ್ಲಿ ಅದು ಕೇಳಿಸತ್ತೆ. ಕೆಟರಿಂಗ್‌ನವ್ರು ಮಾಡಿದ್ದು ಇದನ್ನೇ, ಈಗ ಅವರಿಗಿಂತ ಸುಲಭವಾಗಿ ಮಾಡ್ಬಹುದು.

ಇನ್ನೊಂದು ಇದೆ, ಅದಕ್ಕೆ ರೇಡಿಯೋ ಕೂಡ ಬೇಡ. ಚಂದ್ರನನ್ನ ಸುತ್ತೋ ಚಂದ್ರಯಾನ-2 ಆರ್ಬಿಟರ್ ತೆಗೆದ ಚಂದ್ರನ ಫೋಟೋಗಳು ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ಫ್ರೀಯಾಗಿ ಸಿಗ್ತವೆ, ಹೆಸರು ನೋಂದಾಯಿಸಿ ಡೌನ್‌ಲೋಡ್ ಮಾಡ್ಕೋಬೇಕು, ಫೈಲ್ ದೊಡ್ಡದಿರತ್ತೆ ಅಷ್ಟೇ ತೊಂದ್ರೆ. ಒಳ್ಳೇ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲು ನೆಲದ ಮೇಲೆ ಸುಮಾರು 25 ಸೆಂಟಿಮೀಟರ್. ಫೋಟೋ ಜೊತೆ ಬರೋ ಮಾಹಿತಿಯಲ್ಲಿ ಆ ಹೊತ್ತಿಗೆ ಸೂರ್ಯ ಎಷ್ಟು ಡಿಗ್ರಿ ಮೇಲಿದ್ದ ಅನ್ನೋದೂ ಇರತ್ತೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಕಂಬದ ನೆರಳು ಕೊಟ್ಟು ಕಂಬದ ಎತ್ತರ ಕೇಳ್ತಾರಲ್ಲ, ಅದೇ ಲೆಕ್ಕ. ಕುಳಿಯ ಅಂಚಿನ ನೆರಳು ಸಮತಟ್ಟಾದ ತಳದ ಮೇಲೆ 500 ಮೀಟರ್ ಉದ್ದ ಬಿದ್ದಿದ್ದು ಸೂರ್ಯ 30 ಡಿಗ್ರಿಯಲ್ಲಿದ್ರೆ, 500ನ್ನ ಟ್ಯಾನ್ 30ರಿಂದ ಗುಣಿಸಿ, ಸುಮಾರು 289 ಮೀಟರ್ ಬರತ್ತೆ, ಆ ಜಾಗದಲ್ಲಿ ಕುಳಿ ಅಷ್ಟು ಆಳ. ಇದನ್ನ ಪ್ರೊಜೆಕ್ಟರ್ ಮೇಲೆ ಹಾಕಿ, ಸ್ಕೇಲ್ ಹಿಡ್ಕೊಂಡು ಮಕ್ಕಳನ್ನ ಗೋಡೆ ಹತ್ರ ಕಳ್ಸಿ ನೋಡಿ, ಒಬ್ಬ 480 ಅಂತಾನೆ, ಇನ್ನೊಬ್ಳು 510 ಅಂತಾಳೆ, ನೆರಳಿನ ತುದಿ ಎಲ್ಲಿ ಮುಗೀತು ಅಂತ ಜಗಳ ಶುರುವಾಗತ್ತೆ, ಒಂದು ಪೀರಿಯಡ್ ಸಾಕಾಗಲ್ಲ.