'ಎಚ್ಚರಿಕೆ' ಅಂತ ಬರೆದರೆ ಸಾಲದು

ಹಿರಿಯರ ಬಳಗವೋ ಭಜನಾ ಮಂಡಳಿಯೋ, ಪ್ರವಾಸಕ್ಕೆ ಮುಂಚೆ ತಯಾರಾಗುವ ಅಪಾಯಗಳ ಪಟ್ಟಿಯಲ್ಲಿ ಕೊನೆಯ ಕಲಂ ಓದಿ ನೋಡಿ. ಮೆಟ್ಟಿಲು: ಎಚ್ಚರಿಕೆ. ಕೋತಿ: ಎಚ್ಚರಿಕೆ. ಬಿಸಿ ಕಾಫಿ: ಅದಕ್ಕೂ ಎಚ್ಚರಿಕೆ. ಎಪ್ಪತ್ತು ದಾಟಿದವರಿಗೆ ಇದನ್ನು ಹೇಳಿಕೊಡಬೇಕೇ? ಅಲ್ಲಿ ಇರಬೇಕಾದದ್ದು ಮಾಡಬೇಕಾದ ಕೆಲಸ, ಮಾಡುವವರ ಹೆಸರು, ಮಾಡುವ ಹೊತ್ತು. ಹೆಸರಿನ ಜಾಗದಲ್ಲಿ 'ಎಲ್ಲರೂ' ಎಂದಿದ್ದರೆ ಯಾರೂ ಮಾಡುವುದಿಲ್ಲ ಎಂದೇ ತಿಳಿಯಿರಿ.

ಕೋಲಾರದ ಅಂತರಗಂಗೆ ಬೆಟ್ಟವನ್ನೇ ತೆಗೆದುಕೊಳ್ಳಿ. ಕೋತಿ ಕಚ್ಚೀತು ಎಂಬ ಭಯ ಎಲ್ಲರಿಗೂ ಇದೆ. ಅದಕ್ಕೂ ಮುಂಚಿನ ಅಪಾಯ ಪಟ್ಟಿಗೆ ಬರುವುದೇ ಇಲ್ಲ: ಕೋತಿ ಕೈಚೀಲ ಎಳೆದಾಗ ಬೆಚ್ಚಿ ಹಿಂದಕ್ಕೆ ಸರಿದವರು ಮೆಟ್ಟಿಲ ಮೇಲೆ ಬೀಳುತ್ತಾರೆ. ಹಾಗಾಗಿ ಸಾಲು ಹೀಗಿರಲಿ: 'ಬಾಳೆಹಣ್ಣು, ಚಿಪ್ಸು, ಪ್ಲಾಸ್ಟಿಕ್ ಕವರು ಬಸ್ಸಿನಲ್ಲೇ ಉಳಿಯಬೇಕು. ಇಳಿಯುವಾಗ ಬಾಗಿಲ ಬಳಿ ನಿಂತು ನೋಡುವವರು ಕಾರ್ಯದರ್ಶಿ.' ಪೂಜೆಯ ಹಣ್ಣುಕಾಯಿ ಜಿಪ್ ಇರುವ ಚೀಲದಲ್ಲಿ, ಗಟ್ಟಿ ಕಾಲಿನವರ ಬೆನ್ನ ಮೇಲೆ. ಇಷ್ಟರ ಮೇಲೂ ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ತಡಮಾಡದೆ ರೇಬೀಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ದಯವಿಟ್ಟು ಬೇಡ.

ಜಾಗ ಒಂದೇ ಆದರೂ ಬರುವವರು ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ಒಂದು ಗಂಟೆ ತಡವಾದರೆ ರಕ್ತದಲ್ಲಿ ಸಕ್ಕರೆ ಕುಸಿಯಬಹುದು, ಅದೇ ದೊಡ್ಡ ಅಪಾಯ. ಬೆವರು, ನಡುಕ, ತೊದಲು ಮಾತು ಕಂಡರೆ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಮ್ಮೆ. ಅವರ ಡಾಕ್ಟರು ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಸಕ್ಕರೆ ಯಾರ ಜೇಬಿನಲ್ಲಿ ಎಂಬುದು ಹೊರಡುವ ಮುಂಚೆಯೇ ಪಟ್ಟಿಯಲ್ಲಿರಲಿ. ಯಾರಿಗೆ ಯಾವ ಕಾಯಿಲೆ ಎಂಬ ವಿವರ ಮಾತ್ರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬರ ಬಳಿ, ಲಕೋಟೆಯಲ್ಲಿದ್ದರೆ ಸಾಕು.

ಇನ್ನು ವಾರದ ಸಭೆ. 2,000 ವ್ಯಾಟ್ ಕಾಫಿ ಬಾಯ್ಲರು 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರು ಕಾಯುತ್ತದೆ, ಪ್ಲಗ್ಗು ಕರಗುತ್ತದೆ. ಪಕ್ಕದ ಗೋಡೆಯ ಮೇಲೆ ಒಂದು ಚೀಟಿ: 'ಎಚ್ಚರಿಕೆ'. ಸಭಾಂಗಣದಲ್ಲಿ 16 ಆಂಪಿಯರ್ ಪಾಯಿಂಟ್ ಇಲ್ಲವೆಂದಾದರೆ ಕಾಫಿಯನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತನ್ನಿ.