ಅವಳಿ ತಮ್ಮ ಮುಂಬೈಯಲ್ಲೇ ಇರಲಿ

ಕಳೆದ ತಿಂಗಳು ಮಂಡ್ಯದಿಂದ ಒಬ್ಬ ಹುಡುಗ ಬಂದಿದ್ದ. ಒಂದು ಕೈಯಲ್ಲಿ ಕಾದಂಬರಿಯ ಹಸ್ತಪ್ರತಿ, ಇನ್ನೊಂದರಲ್ಲಿ ಅಚ್ಚು ಬೆಲ್ಲದ ಪೊಟ್ಟಣ. ಆಲೆಮನೆಯಲ್ಲಿ ಕೊಲೆಯಾಗುವ ಕಥೆ. ಶುರು ಚೆನ್ನಾಗಿತ್ತು. ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಮುಂಬೈಯಿಂದ ಬಂದಿಳಿದ. ಸತ್ತವನ ಅವಳಿ ತಮ್ಮನಂತೆ! ಅಲ್ಲಿಯವರೆಗೆ ಅವನ ಸುದ್ದಿಯೇ ಇಲ್ಲ.

"ಯಾರೂ ಊಹಿಸೋಕಾಗಲ್ಲ ಅಲ್ವಾ ಸರ್?" ಅಂದ.

ಊಹಿಸೋಕೆ ನೀನು ಏನು ಕೊಟ್ಟಿದ್ದೀಯಪ್ಪ?

ಸರಸ್ವತಿಪುರಂನ ನಮ್ಮ ಮನೆಗೆ ಬರುವ ಹಸ್ತಪ್ರತಿಗಳಲ್ಲಿ ಮುಕ್ಕಾಲು ಪಾಲಿಗೆ ಇದೇ ಕಾಯಿಲೆ. ಬಚ್ಚಿಟ್ಟರೆ ಪತ್ತೇದಾರಿ ಆಯಿತು ಅಂದುಕೊಂಡಿದ್ದಾರೆ. ಸುಳಿವು ಓದುಗರ ಕಣ್ಣೆದುರೇ ಬಿದ್ದಿರಬೇಕು. ಅದು ಸುಳಿವು ಅಂತ ಮಾತ್ರ ಹೊಳೆಯಬಾರದು. ಇದನ್ನು ಎಷ್ಟು ಸಲ ಹೇಳಿದ್ದೇನೋ, ನನ್ನ ಹೆಂಡತಿಗೆ ಬಾಯಿಪಾಠವಾಗಿದೆ.

ಕಾನನ್ ಡಾಯ್ಲ್ 1892ರಲ್ಲಿ ಬರೆದ ಷರ್ಲಾಕ್ ಹೋಮ್ಸ್ ಕಥೆ 'ಸಿಲ್ವರ್ ಬ್ಲೇಜ್' ನೋಡಿ. ಬೊಗಳದ ನಾಯಿಯ ವಿಷಯ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಇಷ್ಟ ಊಟದ ಸಂಗತಿ. ಕುದುರೆ ಲಾಯ ಕಾಯುವ ಹುಡುಗನಿಗೆ ರಾತ್ರಿ ಊಟದಲ್ಲಿ ಅಫೀಮು ಬೆರೆಸಿರುತ್ತಾರೆ. ಅಫೀಮಿಗೆ ಒಂದು ರುಚಿ ಇದೆ, ಸಪ್ಪೆ ಊಟದಲ್ಲಾದರೆ ನಾಲಿಗೆಗೆ ಸಿಕ್ಕಿಬೀಳುತ್ತದೆ. ಅವತ್ತು ಅಡುಗೆ ಮಸಾಲೆ ಹಾಕಿದ ಮಟನ್. ಸರಿ, ಪೊಲೀಸರು ಹಿಡಿದಿರುವುದು ಹೊರಗಿನವನನ್ನು. ಆ ಮನೆಯಲ್ಲಿ ಅವತ್ತು ಏನು ಅಡುಗೆ ಅಂತ ಹೊರಗಿನವನು ತೀರ್ಮಾನ ಮಾಡೋಕಾಗುತ್ತಾ? ಮಟನ್ ವಿಷಯ ಶುರುವಿನಲ್ಲೇ ಬಂದುಹೋಗಿರುತ್ತದೆ. ನಾವು ಊಟ ತಾನೇ ಅಂತ ಮುಂದೆ ಹೋಗಿರುತ್ತೇವೆ.

ಅವಳಿಗಳು ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಓದುಗರನ್ನು ಮೊದಲೇ ಸಿದ್ಧಪಡಿಸದೆ ಅವಳಿಗಳನ್ನು ತರಬೇಡಿ ಅನ್ನುವುದೂ ಅದರಲ್ಲಿದೆ. ಪಾದ್ರಿಯಾದರೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು, ನಮ್ಮಂಥವರ ಕಷ್ಟ ಗೊತ್ತಿತ್ತು. ನಿಯಮ ಮುರಿದು ಗೆದ್ದವರೂ ಇದ್ದಾರೆ. ಆದರೆ ಅವರೆಲ್ಲ ಮೊದಲು ಅದನ್ನು ಕಲಿತಿದ್ದರು.

ಹುಡುಗನ ಎರಡನೇ ಅಧ್ಯಾಯ ಮತ್ತೆ ತೆಗೆದೆ. ಕೊಲೆಯ ಸಂಜೆ ದೊಡ್ಡ ಮಳೆ. ಅಂಗಳದಲ್ಲಿ ಒಣಗಲು ಹಾಕಿದ್ದ ಕಬ್ಬಿನ ಸಿಪ್ಪೆಯೆಲ್ಲ ತೊಯ್ದು ತೊಪ್ಪೆ. ಐದನೇ ಅಧ್ಯಾಯದಲ್ಲಿ ಒಲೆ ಉರಿಸುವ ಆಳು ಪೊಲೀಸರಿಗೆ ಹೇಳುತ್ತಾನೆ: "ಬೆಳಗಿನ ಜಾವದವರೆಗೂ ಕೊಪ್ಪರಿಗೆ ಮುಂದೇ ಇದ್ದೆ ಸ್ವಾಮಿ, ಸಿಪ್ಪೆ ತುಂಬ್ತಾ."

"ಹಸಿ ಸಿಪ್ಪೆ ಉರಿಯುತ್ತಾ?"

"ಎಲ್ಲಿ ಉರೀತದೆ ಸರ್, ಬರೀ ಹೊಗೆ." ಆಲೆಮನೆಯಲ್ಲೇ ಬೆಳೆದ ಹುಡುಗ. "ಮಳೆ ಸುಮ್ನೆ ವಾತಾವರಣಕ್ಕೆ ಅಂತ ಬರೆದೆ" ಅಂದ. ಅಂದವನು ತಟ್ಟನೆ ಮಾತು ನಿಲ್ಲಿಸಿದ. ಹಸ್ತಪ್ರತಿ ನನ್ನ ಕೈಯಿಂದ ಕಿತ್ತುಕೊಂಡು ಐದನೇ ಅಧ್ಯಾಯ ತಿರುವತೊಡಗಿದ.

"ಓದೋರು ಅಲ್ಲೇ ಕಂಡುಹಿಡಿದುಬಿಟ್ರೆ ಸರ್?"

"ಮಂಡ್ಯದೋರು ಒಬ್ಬಿಬ್ಬರು ಹಿಡೀಲಿ ಬಿಡು. ಕಾಫಿ ಆರ್ತಿದೆ, ಕುಡಿ."