ಚಂದ್ರನಿಂದ ಚೀನಾ ಗೋಡೆ ಕಾಣುತ್ತದಂತೆ, ಹೌದಾ?

ಚಂದ್ರನಿಂದ ಬರಿಗಣ್ಣಿಗೆ ಕಾಣುವ, ಮನುಷ್ಯ ಕಟ್ಟಿದ ಒಂದೇ ಒಂದು ವಸ್ತು ಯಾವುದು? ಚೀನಾದ ಮಹಾಗೋಡೆ. ಶಾಲೆಯ ಕ್ವಿಜ್‌ನಲ್ಲಿ ಈ ಉತ್ತರ ಹೇಳಿ ಚಪ್ಪಾಳೆ ಗಿಟ್ಟಿಸಿದವರಲ್ಲಿ ನಾನೂ ಒಬ್ಬ.

ತಮಾಷೆ ಅಂದರೆ, ಈ ಮಾತು ರಾಕೆಟ್‌ಗಿಂತ ಹಳೆಯದು. 1754ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯೂಕ್ಲಿ ತಮ್ಮ ದೇಶದ ಹೇಡ್ರಿಯನ್ ಗೋಡೆಯನ್ನು ಹೊಗಳುತ್ತಾ, ಇದನ್ನು ಮೀರಿಸುವುದು ಚೀನಾದ ಗೋಡೆ ಮಾತ್ರ, ಅದು ಚಂದ್ರನಿಂದಲೂ ಕಂಡೀತು ಎಂದು ಪತ್ರ ಬರೆದರು. 1932ರಲ್ಲಿ ರಿಪ್ಲಿ ಅವರ ಪತ್ರಿಕಾ ಕಾರ್ಟೂನ್ ಅದನ್ನೇ ಮನೆಮನೆಗೆ ಮುಟ್ಟಿಸಿತು. ಆಗಿನ್ನೂ ಒಬ್ಬರೂ ಮೇಲೆ ಹೋಗಿರಲಿಲ್ಲ! 1969ರಲ್ಲಿ ಚಂದ್ರನ ಮೇಲೆ ಇಳಿದ ಆ್ಯಲನ್ ಬೀನ್‌ಗೆ ಕಂಡಿದ್ದು ಬಿಳಿ ಮೋಡ, ನೀಲಿ ಕಡಲು, ಒಂದಿಷ್ಟು ಹಳದಿ ಮರಳುಗಾಡು, ಅಲ್ಲೊಮ್ಮೆ ಇಲ್ಲೊಮ್ಮೆ ತುಸು ಹಸಿರು, ಅಷ್ಟೇ.

ಸರಿ, ಚಂದ್ರ ಬೇಡ, ಬರೀ 'ಬಾಹ್ಯಾಕಾಶ' ಎನ್ನೋಣ ಎಂದು ಮಾತು ಜಾರಿಕೊಂಡಿತು. ನಿಜವಾದ ಪೇಚಾಟ ಶುರುವಾಗಿದ್ದು 2003ರ ಅಕ್ಟೋಬರ್‌ನಲ್ಲಿ. ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೆಯ್ ಭೂಮಿಗೆ 14 ಸುತ್ತು ಹಾಕಿ ಇಳಿದರು. ಎಲ್ಲರ ಪ್ರಶ್ನೆ ಒಂದೇ: ಗೋಡೆ ಕಂಡಿತಾ? 'ಇಲ್ಲ' ಅಂದುಬಿಟ್ಟರು. ಮಕ್ಕಳ ಪಠ್ಯದಲ್ಲಿರುವ ಆ ಸಾಲನ್ನು ತೆಗೆಯಿರಿ ಎಂಬ ಕೂಗು ಅಲ್ಲೇ ಎದ್ದಿತು. ಮರುವರ್ಷ ನವೆಂಬರ್‌ನಲ್ಲಿ ಅಮೆರಿಕದ ಗಗನಯಾತ್ರಿ ಲೆರಾಯ್ ಚಿಯಾವೊ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ದೂರದ್ದನ್ನು ಹತ್ತಿರ ತೋರಿಸುವ 180 ಎಂಎಂ ಲೆನ್ಸ್ ಹಾಕಿ ಫೋಟೊ ತೆಗೆದರು. ಅದರಲ್ಲಿ ಗೋಡೆಯ ತುಣುಕು ಇದೆ ಎಂದು ಆಮೇಲೆ ತಜ್ಞರು ಹುಡುಕಿ ಹೇಳಿದರು. ತಾನು ಗೋಡೆ ನೋಡಿದೆನಾ ಎಂಬುದು ತೆಗೆದವರಿಗೇ ಖಾತ್ರಿ ಇರಲಿಲ್ಲ.

ಲೆಕ್ಕ ಸುಲಭ. ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ, ಗೋಡೆಯ ಅಗಲ ಐದಾರು ಮೀಟರ್. ಅಂದರೆ 20 ಮೀಟರ್ ಆಚೆ ಎಳೆದು ಕಟ್ಟಿದ ಹೊಲಿಗೆ ದಾರ. ಸುಣ್ಣದ ಗೋಡೆಯ ಮುಂದೆ ಕಪ್ಪು ದಾರವಾದರೆ ಕಂಡರೂ ಕಾಣಬಹುದು. ಇದು ಮಣ್ಣಿನ ಮೇಲೆ ಮಣ್ಣು ಬಣ್ಣದ ದಾರ! ಎಷ್ಟು ಸಾವಿರ ಕಿ.ಮೀ. ಉದ್ದ ಇದ್ದರೇನು, ದಾರ ದಪ್ಪ ಆಗಲ್ಲ ಅಲ್ವಾ? ಚಂದ್ರನಿಂದಲಾದರೆ 100 ಕಿ.ಮೀ.ಗಿಂತ ಜಾಸ್ತಿ ಅಗಲ ಇದ್ದರಷ್ಟೇ ಕಣ್ಣಿಗೆ ಬಿದ್ದೀತು.

ಹಾಗಾದರೆ ನಿಲ್ದಾಣದಿಂದ ಕಾಣುವುದೇನು? ಸ್ಪೇನಿನ ಅಲ್ಮೇರಿಯಾದ ಪ್ಲಾಸ್ಟಿಕ್ ಹಸಿರುಮನೆಗಳು, ಬೆಳ್ಳಗೆ ಹೊಳೆಯುತ್ತವೆ. ದುಬೈನ ತಾಳೆಮರದಾಕಾರದ ದ್ವೀಪ. ಕೆಆರ್‌ಎಸ್ ಥರದ ಜಾಗದಲ್ಲಿ ಕಟ್ಟೆಗಿಂತ ಮೊದಲು ಕಣ್ಣಿಗೆ ಬೀಳುವುದು ಹಿನ್ನೀರು. ರಾತ್ರಿಯಾದರೆ ಊರುಗಳ ದೀಪ. ಭಾರತ-ಪಾಕಿಸ್ತಾನ ಗಡಿಯ ದೀಪಗಳ ಕಿತ್ತಳೆ ಗೆರೆಯಂತೂ ಎದ್ದು ಕಾಣುತ್ತದೆ.

ಆ ರಾತ್ರಿ ದೀಪಗಳಿಂದಲೇ ನಮ್ಮದೇ ಒಂದು 'ಚೀನಾ ಗೋಡೆ' ಹುಟ್ಟಿತು: ದೀಪಾವಳಿ ರಾತ್ರಿ ಬಾಹ್ಯಾಕಾಶದಿಂದ ತೆಗೆದದ್ದು ಎಂದು ಹರಿದಾಡುವ, ಭಾರತದ ತುಂಬ ಬಣ್ಣದ ಚುಕ್ಕಿಗಳಿರುವ ಫೋಟೊ. ಅದು ಒಂದು ರಾತ್ರಿಯದ್ದಲ್ಲ. 2003ರವರೆಗೆ ಊರುಗಳು ಹೇಗೆ ಬೆಳೆದವು ಎಂದು ತೋರಿಸಲು, ಬೇರೆ ಬೇರೆ ವರ್ಷಗಳ ಬೆಳಕಿಗೆ ಬೇರೆ ಬೇರೆ ಬಣ್ಣ ಕೊಟ್ಟು ಅಮೆರಿಕದ ವಿಜ್ಞಾನಿಯೊಬ್ಬರು ಮಾಡಿದ ನಕ್ಷೆ. ನಾಸಾ 2012ರಲ್ಲೇ ಇದನ್ನು ಬಿಡಿಸಿ ಹೇಳಿ, ಆ ವರ್ಷದ ದೀಪಾವಳಿ ಹೊತ್ತಿನ ಒಂದು ರಾತ್ರಿಯ ಅಸಲಿ ಚಿತ್ರವನ್ನೂ ಹಾಕಿತು. ನೋಡಿದರೆ ಯಾವುದೋ ಮಾಮೂಲಿ ರಾತ್ರಿಯ ಹಾಗೇ ಇದೆ. ಅದನ್ನು ಯಾರೂ ನಮ್ಮ ಫ್ಯಾಮಿಲಿ ಗ್ರೂಪಿಗೆ ಇನ್ನೂ ಕಳಿಸಿಲ್ಲ.